ಹಸಿ ಗಾರೆಯ ಬಣ್ಣ



ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲೆ ಸಂತ ಅಲೋಶಿಯಸ್ ಚಾಪೆಲ್ ಇದೆ. 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಗಂಡುಮಕ್ಕಳಿಗಾಗಿ ಆರಂಭಿಸಿದ ವಿದ್ಯಾಲಯದ ಪ್ರಾರ್ಥನಾಮಂದಿರವದು. ಒಳಗೆ ಕಾಲಿಟ್ಟು ತಲೆಯೆತ್ತಿದರೆ ಗೋಡೆ, ಕಮಾನು, ಮಾಡು ಎಲ್ಲೆಲ್ಲೂ ಚಿತ್ರಗಳೇ. 1899ರ ಸುಮಾರಿಗೆ ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೇನಿ ಬರೆದವು ಇವು.

ಫ್ರೆಸ್ಕೊ ಎಂಬ ಗೋಡೆಚಿತ್ರದ ಗುಟ್ಟು ಗೊತ್ತೇ? ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಆಗ ಅದು ಗೋಡೆಯೊಳಗೇ ಇಳಿದು ಕಲ್ಲಿನಂತೆ ನಿಲ್ಲುತ್ತದೆ. ಗಾರೆ ಒಣಗಿದ ಮೇಲೆ ಹಚ್ಚಿದರೆ ಇಂದಲ್ಲ ನಾಳೆ ಉದುರುತ್ತದೆ.

ಬಾಲ್ಯವೂ ಹಸಿ ಗಾರೆಯೇ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಆಡುವ ಹುಡುಗರು ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಒಬ್ಬನ ಬುತ್ತಿಗೆ ಇನ್ನೊಬ್ಬನ ಕೈ ಹೋಗುತ್ತದೆ. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಬೆಂಚಿನುದ್ದಕ್ಕೂ ಹಂಚಿಹೋಗುತ್ತದೆ. ಸಹಬಾಳ್ವೆ ಎಂಬ ದೊಡ್ಡ ಮಾತು ಅವರಿಗೆ ಗೊತ್ತಿಲ್ಲ. ಬಣ್ಣ ಮಾತ್ರ ಒಳಗಿಳಿದಿರುತ್ತದೆ.

ಲೈಟ್‌ಹೌಸ್ ಹಿಲ್‌ನ ಆ ವಿದ್ಯಾಲಯಕ್ಕೆ ಹೆಸರು ಕೊಟ್ಟ ಅಲೋಶಿಯಸ್ ಗೊಂಜಾಗಾ ಸಿರಿವಂತ ಮನೆತನದ ಹುಡುಗ. ರೋಮ್‌ನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ತಾನೂ ಸೋಂಕಿಗೆ ತುತ್ತಾಗಿ, 1591ರಲ್ಲಿ ತೀರಿಕೊಂಡ. ಆಗ ವಯಸ್ಸು 23.

ಪರಂಪರೆಯೆಂದರೆ ಹಳೆಯ ಕಟ್ಟಡವಷ್ಟೇ ಅಲ್ಲ; ಪಕ್ಕದವನ ನೋವಿಗೆ ಕೈ ಚಾಚುವ ಗುಣವೂ ಹೌದು. ನಮ್ಮ ಮನೆಯ ಮಕ್ಕಳ ಮನಸ್ಸು ಇನ್ನೂ ಹಸಿಯಾಗಿದೆ. ಯಾವ ಬಣ್ಣ ಹಚ್ಚುತ್ತಿದ್ದೇವೆಂದು ಇಂದು ಒಮ್ಮೆ ನೋಡಿಕೊಳ್ಳೋಣ.