ನೋವಿಲ್ಲ ಅಂತ ಸುಮ್ಮನಿರಬೇಡಿ



ಬೇಲೂರು, ಹಳೇಬೀಡು ನೋಡೋಕೆ ಹೋದವರು ಹುಲಿಕೆರೆಯ ಕಲ್ಯಾಣಿಯನ್ನೂ ನೋಡಿರ್ತೀರಿ. ನೋಡದಿದ್ರೆ ಒಮ್ಮೆ ಹೋಗಿ, ಹಳೇಬೀಡಿಗೆ ಹತ್ತಿರವೇ. ಹೊಯ್ಸಳರ ಕಾಲದ ಕೊಳ. ಪುಟ್ಟ ಪುಟ್ಟ ಗುಡಿಗಳು, ನಡುವೆ ನೀರು, ನೀರಿನವರೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ನಿಂತವನು ಒಂದು ಹೆಜ್ಜೆ ಹಿಂದೆ ಇಟ್ರೆ ಸಾಕು, ದಡದಲ್ಲಿರ್ತಾನೆ. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿದವನನ್ನ ಎತ್ತೋಕೆ ಎಷ್ಟು ಜನ ಬೇಕು, ಯೋಚನೆ ಮಾಡಿ.

ಇವತ್ತು ಮಾತಾಡ್ತಿರೋದು ಕ್ಯಾನ್ಸರ್ ಬಗ್ಗೆ. ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್‌ಗೂ ನಾಲ್ಕು ಮೆಟ್ಟಿಲುಗಳಿವೆ. ಡಾಕ್ಟರು ಸ್ಟೇಜ್ ಅಂತಾರೆ. ಮೊದಲನೆಯದರಲ್ಲಿ ಕಾಯಿಲೆ ಹುಟ್ಟಿದ ಜಾಗದಲ್ಲೇ ಇರುತ್ತೆ. ನಾಲ್ಕನೆಯದಕ್ಕೆ ಬರೋ ಹೊತ್ತಿಗೆ ಶ್ವಾಸಕೋಶ, ಲಿವರ್, ಮೂಳೆ ಅಂತ ಹರಡಿಬಿಟ್ಟಿರುತ್ತೆ. ಮೊದಲ ಮೆಟ್ಟಿಲಲ್ಲಿ ಸಿಕ್ಕಿದ್ರೆ ವಾಸಿಯಾಗುವ ಸಾಧ್ಯತೆ ದೊಡ್ಡದು. ಹಾಗಿದ್ರೆ ನಮ್ಮವರು ಯಾಕೆ ಮೂರನೆಯ, ನಾಲ್ಕನೆಯ ಮೆಟ್ಟಿಲಿಗೆ ಇಳಿದ ಮೇಲೆ ಆಸ್ಪತ್ರೆಗೆ ಬರ್ತಾರೆ?

ಯಾಕಂದ್ರೆ ಮೊದಲ ಮೆಟ್ಟಿಲಲ್ಲಿ ನೋವಿರಲ್ಲ. ನಮ್ಮ ಲೆಕ್ಕ ಸರಳ. ನೋವಿದ್ರೆ ಕಾಯಿಲೆ, ನೋವಿಲ್ಲದಿದ್ರೆ ಏನೂ ಇಲ್ಲ. ಕ್ಯಾನ್ಸರ್ ವಿಷಯದಲ್ಲಿ ಈ ಲೆಕ್ಕವೇ ಜೀವ ತೆಗೀತಿದೆ.

ಹುಲಿಕೆರೆಯಂಥ ಊರಿನ ಒಂದು ಮನೆ ಊಹಿಸಿಕೊಳ್ಳಿ. ಸ್ನಾನ ಮಾಡುವಾಗ ಆ ತಾಯಿಯ ಕೈಗೆ ಎದೆಯಲ್ಲೊಂದು ಗಂಟು ಸಿಗುತ್ತೆ. ಅವರೆಕಾಳಿನಷ್ಟು. ಒತ್ತಿದ್ರೂ ನೋವಿಲ್ಲ. ಗಂಡನಿಗೆ ಹೇಳೋಕೆ ನಾಚಿಕೆ, ಮಗನಿಗೆ ಹೇಳೋಕೆ ಸಂಕೋಚ. ರಾಗಿ ಕಟಾವು ಮುಗೀಲಿ, ಮಗಳ ಮದುವೆ ಆಗ್ಲಿ ಅಂತ ಕಾಯ್ತಾರೆ. ಮದುವೆ ಮುಗಿಯೋ ಹೊತ್ತಿಗೆ ಗಂಟು ನಿಂಬೆಹಣ್ಣಾಗಿರುತ್ತೆ. ಇಂಥ ಮನೆ ನಿಮ್ಮ ಬೀದಿಯಲ್ಲೂ ಇರಬಹುದು.

ಕ್ಯಾನ್ಸರ್ ಅನ್ನೋದು ಒಂದೇ ಕಾಯಿಲೆ ಅಲ್ಲ, ನೂರಕ್ಕೂ ಹೆಚ್ಚು ಬಗೆಗಳಿವೆ. ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ, ಕೆಲವು ಗುರುತು ನೆನಪಿಟ್ಕೊಳ್ಳಿ. ಬಾಯಿಯಲ್ಲಿ ಎರಡು ಮೂರು ವಾರವಾದ್ರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯೋಕೆ ಆಗದಿರೋದು. ಎದೆಯಲ್ಲಿ ಗಂಟು, ಚರ್ಮ ಒಳಗೆ ಎಳೆದುಕೊಳ್ಳೋದು, ತೊಟ್ಟಿನಿಂದ ರಕ್ತ. ಮುಟ್ಟು ನಿಂತ ಮೇಲೂ ರಕ್ತಸ್ರಾವ, ವಾಸನೆಯ ಬಿಳಿಸೆರಗು: ಇದು ಗರ್ಭಕೊರಳಿನ ಕ್ಯಾನ್ಸರ್ ಇರಬಹುದು. ಮಲದಲ್ಲಿ ರಕ್ತ, ಬಿಡದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯೋದು. ಬಿಟ್ಟುಬಿಡದ ಜ್ವರ, ಸುಸ್ತು, ಮೈಮೇಲೆ ತಾನಾಗಿ ನೀಲಿ ಕಲೆ ಬಂದ್ರೆ ರಕ್ತದ ಪರೀಕ್ಷೆ ಆಗ್ಲೇಬೇಕು. ಇವೆಲ್ಲ ಕ್ಯಾನ್ಸರೇ ಅಂತ ಅಲ್ಲ. ಆದ್ರೆ ಅಲ್ಲ ಅಂತ ಹೇಳಬೇಕಾದವರು ಡಾಕ್ಟರು, ಪಕ್ಕದ ಮನೆಯವರಲ್ಲ.

2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 14 ಲಕ್ಷ ಹೊಸ ರೋಗಿಗಳು. ಗರ್ಭಕೊರಳಿನ ಕ್ಯಾನ್ಸರ್ ಒಂದರಿಂದಲೇ ಸತ್ತವರು ಸುಮಾರು 80 ಸಾವಿರ ಹೆಣ್ಣುಮಕ್ಕಳು. ಏಳು ನಿಮಿಷಕ್ಕೂ ಮುಂಚೆ ಒಬ್ಬರು! ಅದೂ ತಡೆಯಬಹುದಾದ ಕ್ಯಾನ್ಸರ್. ಬಹುಪಾಲು ಎಚ್‌ಪಿವಿ ಅನ್ನೋ ವೈರಸ್‌ನಿಂದ ಬರುತ್ತೆ, ಅದಕ್ಕೆ ಲಸಿಕೆ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಟ್ರೆ ಒಳ್ಳೆಯ ರಕ್ಷಣೆ. ಇನ್ನು ಪರೀಕ್ಷೆ? ಅಸಿಟಿಕ್ ಆಮ್ಲದ ತೆಳುವಾದ ದ್ರಾವಣ ಹಚ್ಚಿ ಒಂದು ನಿಮಿಷ ನೋಡ್ತಾರೆ, ಬೆಳ್ಳಗಾದ್ರೆ ಮುಂದಿನ ತಪಾಸಣೆ. ಅಷ್ಟೇ.

ಬಾಯಿ, ಸ್ತನ, ಗರ್ಭಕೊರಳು. ಈ ಮೂರರ ತಪಾಸಣೆ 30 ದಾಟಿದವರಿಗೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆ ಫಾರಂ ಹಿಡಿದು ಮನೆಗೆ ಬಂದ್ರೆ 'ಆಮೇಲೆ ಬಾರಮ್ಮ' ಅನ್ನಬೇಡಿ. ಗಂಡಸರೇ, ನಿಮಗೊಂದು ಮಾತು. ಹಸು ಮೇವು ಬಿಟ್ರೆ ಅದೇ ದಿನ ವೆಟರ್ನರಿ ಡಾಕ್ಟರಿಗೆ ಫೋನ್ ಮಾಡ್ತೀರಿ. ಮನೆಯ ಹೆಂಗಸನ್ನ 'ಹುಷಾರಾಗಿದ್ದೀಯಾ' ಅಂತ ಕೊನೆಯ ಸಲ ಕೇಳಿದ್ದು ಯಾವಾಗ?

ಮತ್ತೆ ಎಲೆ ಅಡಿಕೆ. ಹೊಗೆಸೊಪ್ಪು ಸೇರಿಸದಿದ್ರೆ ಏನೂ ಆಗಲ್ಲ ಅಂತ ನಂಬಿದ್ದೀವಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಈ ಮಾತು ಕಹಿ, ನನಗೂ ಗೊತ್ತು. ಗುಟ್ಕಾವನ್ನ ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಆಗಿದ್ದೇನು? ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಕಾನೂನು ಪೇಪರಲ್ಲಿ, ಎರಡೂ ಪೊಟ್ಟಣ ನಮ್ಮ ಹುಡುಗರ ಬಾಯಲ್ಲಿ!

ಕಾಯಿಲೆ ಗೊತ್ತಾದ ಮೇಲೆ ಇನ್ನೊಂದು ತಪ್ಪು ಮಾಡ್ತೀವಿ. 'ಸೂಜಿ ಚುಚ್ಚಿದ್ರೆ ಹರಡುತ್ತೆ' ಅಂತ ಹೆದರಿ ಬಯಾಪ್ಸಿ ಬಿಟ್ಟು, ನಾಟಿ ಔಷಧಿಯ ಕ್ಯೂನಲ್ಲಿ ನಿಲ್ತೀವಿ. ಬಯಾಪ್ಸಿ ಆಗದೆ ಯಾವ ಕ್ಯಾನ್ಸರ್ ಅಂತಲೇ ಗೊತ್ತಾಗಲ್ಲ. ಆಪರೇಷನ್, ರೇಡಿಯೇಶನ್, ಕೀಮೋಥೆರಪಿ, ಯಾವುದು ಮೊದಲು ಅಂತ ತೀರ್ಮಾನ ಆಗೋದೇ ಆ ವರದಿ ಮೇಲೆ. ಔಷಧಿ ಹುಡುಕಿ ಅಲೆದ ಆರು ತಿಂಗಳಲ್ಲಿ ಕಾಯಿಲೆ ಎರಡು ಮೆಟ್ಟಿಲು ಇಳಿದಿರುತ್ತೆ.

ದುಡ್ಡು? ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಬಡವರ ಕ್ಯಾನ್ಸರ್ ಆಸ್ಪತ್ರೆಯಾಗಿ ನಿಂತಿದೆ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಆದ್ರೆ ಬಸ್ ಚಾರ್ಜು, ಊಟ, ಕಳೆದುಹೋದ ಕೂಲಿ, ಇದು ಯಾವ ಕಾರ್ಡಲ್ಲೂ ಬರಲ್ಲ. ಹಾಸನ ಜಿಲ್ಲೆಯ ಹಳ್ಳಿಯಿಂದ ವಾರಗಟ್ಟಲೆ ಬೆಂಗಳೂರಿಗೆ ಓಡಾಡೋ ಕುಟುಂಬದ ಕಷ್ಟ ವಿಧಾನಸೌಧಕ್ಕೆ ಕಾಣಬೇಕು. ಚಿಕಿತ್ಸೆ ಜಿಲ್ಲೆಗೇ ಬರಬೇಕು. ಅದನ್ನ ನಾವು ಕೇಳ್ತಾನೇ ಇರ್ತೀವಿ.

ಅಲ್ಲಿವರೆಗೆ ನಿಮ್ಮ ಕೈಯಲ್ಲಿರೋದು ಒಂದು ಕೆಲಸ. ಇವತ್ತು ರಾತ್ರಿ ಊಟ ಆದ್ಮೇಲೆ ಅಮ್ಮನನ್ನ, ಅಕ್ಕನನ್ನ, ಹೆಂಡತಿಯನ್ನ ಕೂರಿಸಿಕೊಂಡು ಕೇಳಿ. ಬಾಯಲ್ಲಿ ಏನಾದ್ರೂ ಇಟ್ಟುಕೊಂಡೇ ಇರೋ ಅಣ್ಣ ತಮ್ಮಂದಿರ ಬಾಯಿಗೆ ಟಾರ್ಚ್ ಹಾಕಿ ನೋಡಿ. ನೋವು ಇಲ್ಲ ಅಂತ ಅವರು ಅಂದ್ರೆ, ನೋವು ಬರೋಕೆ ಮುಂಚೆಯೇ ಹೋಗೋಣ ನಡಿ ಅನ್ನಿ.