ಬ್ರೌಸರಿನ ಬೀಗ ಎಲ್ಲಿಯವರೆಗೆ?



ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇದೆ ಎಂದುಕೊಳ್ಳಿ. ರಾತ್ರಿ ಮನೆಯಲ್ಲಿ ಕುಳಿತು ಅದರಲ್ಲಿ ನಿಮ್ಮ ಪ್ರೋಗ್ರಾಂ ಓಡಿಸಬೇಕು. ಬ್ರೌಸರಿನಲ್ಲಿ ವಿಳಾಸ ಬರೆದರೆ ಕಪ್ಪು ಪರದೆ ಮೂಡುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಆ ಕಂಪ್ಯೂಟರು ನಿಮ್ಮ ಆದೇಶಕ್ಕೆ ಕಾಯುತ್ತದೆ. ಬೇರೆ ತಂತ್ರಾಂಶ ಬೇಕಿಲ್ಲ. ಆದರೆ ನೀವು ಒತ್ತಿದ ಅಕ್ಷರಗಳು ಯಾರ ಕೈ ದಾಟಿ ಅಲ್ಲಿಗೆ ಹೋಗುತ್ತವೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ದೂರದ ಕಂಪ್ಯೂಟರಿಗೆ ಆದೇಶ ಕೊಡಲು ಮೊದಲು ಟೆಲ್‌ನೆಟ್ ಎಂಬ ವಿಧಾನವಿತ್ತು. ಅದು ಅಂಚೆ ಕಾರ್ಡಿನಂತೆ; ದಾರಿಯಲ್ಲಿ ಸಿಕ್ಕವರೆಲ್ಲ ಓದಬಹುದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕುಳಿತು ಪಾಸ್‌ವರ್ಡ್‌ಗಳನ್ನು ಸಂಗ್ರಹಿಸಿದರು. ಇದನ್ನು ಕಂಡ ಅಲ್ಲಿನ ಸಂಶೋಧಕ ಟಾಟು ಯುಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು. ಇದು ಅಂಟಿಸಿದ ಲಕೋಟೆ. ಇಲ್ಲಿ ಎರಡೂ ಕಂಪ್ಯೂಟರುಗಳು ಮೊದಲು ಒಂದು ಗುಪ್ತ ಕೀಲಿಯನ್ನು ಒಪ್ಪಿಕೊಳ್ಳುತ್ತವೆ. ನಂತರ ಎಲ್ಲ ಮಾತೂ ಗೂಢಲಿಪಿಯಲ್ಲಿ ಸಾಗುತ್ತದೆ. ಟೆಲ್‌ನೆಟ್‌ನ ದ್ವಾರಸಂಖ್ಯೆ 23; ಎಸ್‌ಎಸ್‌ಎಚ್‌ಗೆ ಸಿಕ್ಕಿದ್ದು ಅದರ ಪಕ್ಕದ 22.

ಈಗ ಒಂದು ತೊಡಕು. ಬ್ರೌಸರಿಗೆ ತಾನಾಗಿ ಎಸ್‌ಎಸ್‌ಎಚ್ ಭಾಷೆ ಬಾರದು. ಆದ್ದರಿಂದ ಬಹುತೇಕ ವ್ಯವಸ್ಥೆಗಳಲ್ಲಿ ನಡುವೆ ಒಂದು ಕಂಪ್ಯೂಟರು ದುಭಾಷಿಯಾಗಿ ನಿಲ್ಲುತ್ತದೆ. ಬ್ರೌಸರಿನಿಂದ ದುಭಾಷಿಯವರೆಗೆ ಒಂದು ಲಕೋಟೆ; ಅಲ್ಲಿಂದ ಕಾಲೇಜಿನ ಕಂಪ್ಯೂಟರಿಗೆ ಇನ್ನೊಂದು. ಬ್ರೌಸರಿನಿಂದ ಹೋಗುವ ದಾರಿಗೆ 2011ರಲ್ಲಿ ಮಾನಕವಾದ ವೆಬ್‌ಸಾಕೆಟ್ ಬಳಕೆಯಲ್ಲಿದೆ. ಒಮ್ಮೆ ತೆರೆದರೆ ಅಕ್ಷರಗಳು ಎರಡೂ ಕಡೆ ತಡೆಯಿಲ್ಲದೆ ಓಡಾಡುತ್ತವೆ.

ಇಲ್ಲೇ ಗಮನಿಸಬೇಕಾದ್ದು. ದುಭಾಷಿ ಮೊದಲ ಲಕೋಟೆಯನ್ನು ಒಡೆದು, ಓದಿ, ಮತ್ತೆ ಅಂಟಿಸುತ್ತಾನೆ. ನಿಮ್ಮ ಪಾಸ್‌ವರ್ಡ್ ಅವನ ಮುಂದೆ ಬಿಚ್ಚಿಟ್ಟಿರುತ್ತದೆ. ಬ್ರೌಸರಿನ ಬೀಗದ ಗುರುತು ಅವನವರೆಗಿನ ದಾರಿಯನ್ನಷ್ಟೇ ಕಾಯುತ್ತದೆ. ಅವನು ಪ್ರಾಮಾಣಿಕನೋ ಅಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಮೋಸಗಾರನ ತಾಣಕ್ಕೂ ಬೀಗ ಸಿಗುತ್ತದೆ!

ಹಾಗಾದರೆ ಏನು ಮಾಡಬೇಕು? ಆ ನಡುವಿನ ಕಂಪ್ಯೂಟರನ್ನು ನಡೆಸುವವರು ಯಾರೆಂದು ಕೇಳಿ ತಿಳಿಯಿರಿ. ನಿಮ್ಮ ಕಾಲೇಜೇ ನಡೆಸುತ್ತಿದ್ದರೆ ಸರಿ; ಗುರುತಿಲ್ಲದ ಉಚಿತ ತಾಣವಾದರೆ ಬೇಡ. ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿ. ಬ್ರೌಸರು ಎಚ್ಚರಿಕೆ ಕೊಟ್ಟರೆ ಮುಂದೆ ಹೋಗಬೇಡಿ. ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಬರುವ ಎರಡನೆಯ ಸಂಕೇತವನ್ನೂ ಕೇಳುವ ಏರ್ಪಾಡಿದ್ದರೆ ಬಳಸಿ.

ಕೊನೆಯದು ನನ್ನದೇ ಅನುಭವ. ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಹೋದ ಊರಿನ ವಸತಿಗೃಹದ ಕಂಪ್ಯೂಟರಿನಿಂದ ನಮ್ಮ ಸಂಕಲನ ಕೊಠಡಿಯ ಯಂತ್ರಕ್ಕೆ ಪ್ರವೇಶಿಸಿದ್ದೆ. ಕಾರು ಬಂತೆಂದು ಹಾಗೆಯೇ ಎದ್ದು ಹೊರಟೆ. ದಾರಿಯಲ್ಲಿ ನೆನಪಾಗಿ ಹಿಂದಿರುಗಿದಾಗ, ಅದೇ ಕುರ್ಚಿಯಲ್ಲಿ ಒಬ್ಬ ಹುಡುಗ ಕ್ರಿಕೆಟ್ ಸ್ಕೋರು ನೋಡುತ್ತಿದ್ದ. ಹಿಂದಿನ ಟ್ಯಾಬಿನಲ್ಲಿ ನನ್ನ ಕಪ್ಪು ಪರದೆ ತೆರೆದೇ ಇತ್ತು. ಒಂದು ತಿಂಗಳ ಕೆಲಸ ಅವನ ಒಂದು ಸಾಲಿನ ಆದೇಶದಲ್ಲಿ ಅಳಿದುಹೋಗಬಹುದಿತ್ತು. ಯಾವ ಗೂಢಲಿಪಿಯೂ ಅದನ್ನು ತಡೆಯುತ್ತಿರಲಿಲ್ಲ.

ಆದ್ದರಿಂದ ಕೆಲಸ ಮುಗಿದೊಡನೆ 'ಎಕ್ಸಿಟ್' ಎಂದು ಬರೆದು ಹೊರಬನ್ನಿ. ಬಾಗಿಲು ಹಾಕಿಕೊಳ್ಳುವ ಹೊಣೆ ಒಳಗೆ ಹೋದವರದೇ ಅಲ್ಲವೇ?