ಒಕ್ಕಲಾಗುವುದು, ಒಕ್ಕಲೆಬ್ಬಿಸುವುದು



ವಲಸೆ ಮತ್ತು ಸಿನಿಮಾ ಕುರಿತು ಆಶಯ ಭಾಷಣ ಮಾಡಬೇಕೆಂದು ಸಂಘಟಕರು ಕೇಳಿದ ಮೇಲೆ ನಾನು ಪುಸ್ತಕ ಬಿಡಿಸಲಿಲ್ಲ. ಇಲ್ಲೇ ಆದಿ ಉಡುಪಿಯ ಸಂತೆಯಲ್ಲಿ ಒಂದು ಸುತ್ತು ಹಾಕಿ ಬಂದೆ. ಈರುಳ್ಳಿ ಮೂಟೆ ಇಳಿಸುತ್ತಿದ್ದವರ ಮಾತು ಗದಗ, ಕೊಪ್ಪಳದ ಕಡೆಯದು. ನಮ್ಮವರು ಅವರನ್ನು ಕರೆಯುವುದು ‘ಘಟ್ಟದವರು’ ಎಂದು. ಮಕ್ಕಳು ಇಲ್ಲೇ ಹುಟ್ಟಿ, ಇಲ್ಲೇ ಶಾಲೆಗೆ ಹೋಗಿ, ತುಳುವಿನಲ್ಲಿ ಜಗಳವಾಡುವಷ್ಟು ಬಲಿತರೂ ಅವರು ಘಟ್ಟದವರೇ. ಇದೇ ರಸ್ತೆ ಹಿಡಿದು ಪಡುವಣಕ್ಕೆ ಹೋದರೆ ಮಲ್ಪೆ ಬಂದರು. ಅಲ್ಲಿ ಬಲೆ ಎಳೆಯುವ ಕೈಗಳಲ್ಲಿ ಒಡಿಶಾದ್ದೂ ಇವೆ, ಜಾರ್ಖಂಡಿನದೂ ಇವೆ.

ಈ ವಿಚಾರಕ್ಕೆ ನಮ್ಮಲ್ಲೊಂದು ಒಳ್ಳೆಯ ಪದವಿದೆ: ಒಕ್ಕಲು. ಹೊಸ ಮನೆ ಹೊಗುವುದು ಮನೆ ಒಕ್ಕಲು; ತುಳುವಿನಲ್ಲಿ ಇಲ್ಲ್ ಒಕ್ಕೆಲ್. ಗೇಣಿಗೆ ಭೂಮಿ ಮಾಡುವವನೂ ಒಕ್ಕಲು. ಅವನನ್ನು ಹೊರಹಾಕಿದರೆ ಒಕ್ಕಲೆಬ್ಬಿಸುವುದು. ಒಳಗೆ ಬರುವುದಕ್ಕೂ ಹೊರಗೆ ದಬ್ಬುವುದಕ್ಕೂ ಬೇರು ಒಂದೇ. ‘ಅಸ್ಮಿತೆ’ ಎಂಬ ಭಾರದ ಪದವನ್ನು ಈ ಎರಡು ದಿನ ಸ್ವಲ್ಪ ಪಕ್ಕಕ್ಕಿಟ್ಟು ಇದನ್ನು ಬಳಸಿ ನೋಡೋಣ ಎಂಬುದಷ್ಟೇ ನನ್ನ ಆಶಯ.

ಬಿ.ವಿ. ಕಾರಂತರ ‘ಚೋಮನ ದುಡಿ’ಯಿಂದ ಶುರುಮಾಡುತ್ತೇನೆ. ಶಿವರಾಮ ಕಾರಂತರ ಕಾದಂಬರಿ 1933ರದು, ಸಿನಿಮಾ 1975ರದು. ವಲಸೆಯ ಸಿನಿಮಾ ಎಂದು ಅದನ್ನು ಯಾರೂ ಕರೆದಂತಿಲ್ಲ. ಆದರೆ ಚೋಮನ ಗಂಡುಮಕ್ಕಳು ಸಾಲ ತೀರಿಸಲು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರಲ್ಲ, ಅದು ವಲಸೆಯಲ್ಲದೆ ಮತ್ತೇನು? ಅದಕ್ಕಿಂತ ಮುಖ್ಯವಾದ ಮಾತು, ಊರು ಬಿಟ್ಟುಹೋಗದ ಚೋಮನೇ ಅಲ್ಲಿ ಎಲ್ಲರಿಗಿಂತ ಹೊರಗಿನವನು. ಕಾಡಿನಲ್ಲಿ ಸಿಕ್ಕಿದ ಕರುಗಳನ್ನು ಸಾಕಿ ಎತ್ತು ಮಾಡಿಕೊಂಡಿದ್ದಾನೆ, ಉಳಲು ತುಂಡು ಭೂಮಿ ಬೇಕು. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಹೊಲೆಯನು ಒಕ್ಕಲಾಗುವುದೆಂದರೇನು! ಈಗ ಸಿನಿಮಾದ ವರ್ಷವನ್ನು ಇನ್ನೊಮ್ಮೆ ನೋಡಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಯಾಗಿ, ಈ ಜಿಲ್ಲೆಯ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯ ಒಡೆಯರಾಗುತ್ತಿದ್ದ ಕಾಲ ಅದು. ಆದರೆ ಒಕ್ಕಲೇ ಆಗಲು ಬಿಡದವನು ಯಾವ ಡಿಕ್ಲರೇಶನ್ ಕೊಡಬೇಕು? ಕಾಯ್ದೆ ತಲುಪದ ಆ ಮೂಲೆಯನ್ನು ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರ ಮುಖ ತೋರಿಸುತ್ತಿತ್ತು.

ಬ್ರಿಟಿಷ್ ವಾಸ್ತವವಾದಿ ಸಿನಿಮಾದ ಮೇಲೆ ನಾಳೆ ಎರಡು ಗೋಷ್ಠಿಗಳಿವೆ, ತಿಳಿದವರು ಮಾತಾಡುತ್ತಾರೆ. ನಾನು ಗಮನಿಸಿದ್ದು ಒಂದನ್ನು: ಅವರು ವಲಸೆಯ ಕಥೆಗೆ ಮೊದಲು ಒಂದು ಕೋಣೆ ಹುಡುಕುತ್ತಾರೆ. 1985ರ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ನಲ್ಲಿ ಅದು ಬಟ್ಟೆ ಒಗೆಯುವ ಅಂಗಡಿ. ಕೆನ್ ಲೋಚ್ ಅವರ 2023ರ ‘ದಿ ಓಲ್ಡ್ ಓಕ್’ನಲ್ಲಿ ಗಣಿ ಮುಚ್ಚಿಹೋದ ಊರಿನ ಪಬ್ಬಿನ ಹಿಂದಿನ ಕೋಣೆ. ಸಿರಿಯಾದಿಂದ ಬಂದವರೂ ಊರವರೂ ಅಲ್ಲಿ ಒಟ್ಟಿಗೆ ಉಣ್ಣಬಹುದೇ ಎನ್ನುವುದೇ ಪ್ರಶ್ನೆ. ಕೋಣೆಗೆ ಬೀಗ ಯಾರದು, ಬಾಡಿಗೆ ಯಾರದು, ಯಾವ ಕುರ್ಚಿ ಯಾರದು, ಇಷ್ಟನ್ನು ಬಿಡದೆ ಕೇಳಿದರೆ ಭಾಷಣದ ಅಗತ್ಯ ಬೀಳುವುದಿಲ್ಲ. ಲೋಚ್ ಕೆಲವು ಕಡೆ ಭಾಷಣವನ್ನೂ ಮಾಡಿಸುತ್ತಾರೆ, ಆ ಮಾತು ಬೇರೆ.

ನಮಗೆ ಅಂಥ ಕೋಣೆ ಇರಲಿಲ್ಲವೇ? ನೂರು ವರ್ಷದಿಂದ ಇದೆ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರು ಲೆಕ್ಕವಿಲ್ಲದಷ್ಟು. ನನ್ನ ದೊಡ್ಡಪ್ಪನೂ ಅವರಲ್ಲೊಬ್ಬ. ಹೋಟೆಲು ಬಾಗಿಲು ಹಾಕಿದ ಮೇಲೆ ಗಿರಾಕಿಗಳ ಮೇಜು ಒರಸಿ ಅದರ ಮೇಲೆಯೇ ಮಲಗುತ್ತಿದ್ದನಂತೆ. ಊರಿಗೆ ಬಂದಾಗ ಮಾತ್ರ ಇಸ್ತ್ರಿ ಅಂಗಿ, ಹಲ್ವದ ಪೊಟ್ಟಣ. ಆ ಮೇಜಿನ ಸಂಗತಿ ಅವನು ಹೇಳಿದ್ದು ಎಪ್ಪತ್ತು ದಾಟಿದ ಮೇಲೆ. ಉಡುಪಿಯವರೇ ಆದ ವ್ಯಾಸರಾಯ ಬಲ್ಲಾಳರು ಮುಂಬಯಿಯ ಬದುಕನ್ನು ಕಾದಂಬರಿಗೆ ತಂದರು. ಸಿನಿಮಾದಲ್ಲಿ ಆ ಮೇಜನ್ನು ನಾನು ಕಂಡಿಲ್ಲ. ನಮ್ಮ ಸಿನಿಮಾಗಳಲ್ಲಿ ಹೆಚ್ಚಾಗಿ ಕಾಣುವುದು ಸೂಟ್‌ಕೇಸು ಹಿಡಿದು ಬಸ್ಸಿಳಿಯುವವನೇ. ‘ಉಳಿದವರು ಕಂಡಂತೆ’ಯ ರಘು ಕೂಡ ಮಲ್ಪೆಗೆ ಮರಳಿ ಬಂದವನು. ಹೋದವರು ಅಲ್ಲಿ ಎಲ್ಲಿ ಮಲಗಿದರು ಎಂದು ಕ್ಯಾಮೆರಾ ಬೆನ್ನಟ್ಟಿ ಹೋಗಲಿಲ್ಲ. ಅದಕ್ಕೆ ದುಡ್ಡಿನ ಕೊರತೆ ಒಂದು ಕಾರಣವಿರಬಹುದು. ಮಾನದ ಪ್ರಶ್ನೆಯೇ ದೊಡ್ಡದು ಎಂದು ನನ್ನ ಗುಮಾನಿ. ಅವರ ಮೇಜನ್ನು ನೋಡಲಾರದ ನಾವು ಇಲ್ಲಿಯ ಬೀಡಿನಗುಡ್ಡೆಯಲ್ಲಿ ಘಟ್ಟದವರು ಮಲಗುವ ಟಾರ್ಪಾಲು ಜೋಪಡಿಯನ್ನೂ ನೋಡಲಾರೆವು.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಗಿರೀಶ ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸು’ ತೋರಿಸುತ್ತಾರೆ. ಮಣಿಪಾಲದ ನಮ್ಮ ವೈದೇಹಿಯವರ ಕಥೆ. ಕಾಸರವಳ್ಳಿ ಅದನ್ನು ತುಂಬ ಬದಲಿಸಿ ಕಾರ್ಗಿಲ್ ಯುದ್ಧದ ದಿನಗಳಿಗೆ ತಂದರು. ಕಡಲ ಬದಿಯ ಮೀನುಗಾರರ ಊರು. ಅಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ, ಮುಸಲ್ಮಾನ ಹೆಂಗಸು. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿವಿ ಸಿಗುತ್ತದೆ, ಗಂಡಸರು ಕಡಲಿಗೆ ಇಳಿದ ಹೊತ್ತಿನಲ್ಲಿ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ಗುಲಾಬಿ ಎಲ್ಲಿಂದಲೂ ವಲಸೆ ಬಂದವಳಲ್ಲ. ಆ ಊರಿನ ಕೂಸುಗಳನ್ನು ಮೊದಲು ಮುಟ್ಟಿದ ಕೈ ಅವಳದು. ಆದರೂ ಕೊನೆಗೆ ಅವಳನ್ನು ಒಕ್ಕಲೆಬ್ಬಿಸುತ್ತಾರೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಟಿವಿ ಬಂದ ಮೇಲಿನ ದೃಶ್ಯಗಳಲ್ಲಿ ಉಮಾಶ್ರೀಯವರನ್ನು ಬಿಟ್ಟು ಮಿಕ್ಕವರನ್ನು ನೋಡಿ. ಯಾರು ಹೊಸ್ತಿಲು ದಾಟಿ ಒಳಗೆ ಚಾಪೆಯಲ್ಲಿ ಕೂರುತ್ತಾರೆ, ಯಾರು ಹೊರಗೆ ನಿಂತೇ ಇಣುಕುತ್ತಾರೆ, ಯಾರು ಆ ಕಡೆ ಸುಳಿಯುವುದೇ ಇಲ್ಲ, ಬರೆದಿಟ್ಟುಕೊಳ್ಳಿ. ನಾಲ್ಕು ಗಂಟೆಗೆ ಚಹಾ ಇದೆ, ಅಲ್ಲಿ ಕೇಳುತ್ತೇನೆ.